ಮಗುವಿನ ಮೊದಲ ವರ್ಷ: ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು

ಆಸ್ಪತ್ರೆಯಿಂದ ಮಗುವನ್ನು ಮನೆಗೆ ತಂದ ಮೊದಲ ರಾತ್ರಿಯೇ ಪ್ರಶ್ನೆಗಳು ಶುರುವಾಗುತ್ತವೆ. ಹಾಲು ಸಾಕಾಯಿತಾ? ಇಷ್ಟು ಸೀನುತ್ತಿದೆಯಲ್ಲ, ಶೀತವಾ? ಕಕ್ಕ ಯಾಕೆ ಹಸಿರಾಗಿದೆ? ಅಮ್ಮ ಒಂದು ಹೇಳುತ್ತಾರೆ, ಅತ್ತೆ ಇನ್ನೊಂದು ಹೇಳುತ್ತಾರೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ಮೂರನೆಯದು ಹೇಳುತ್ತದೆ. ನಾನು ಡಾಕ್ಟರ್ ಅಲ್ಲ, ಇಬ್ಬರು ಮಕ್ಕಳ ತಾಯಿ. ಬೆಂಗಳೂರಿನಲ್ಲೇ ಬಾಣಂತನ ಮಾಡಿಸಿಕೊಂಡವಳು. ಮೊದಲ ಮಗುವಿನ ಹೊತ್ತಿಗೆ ಯಾರಾದರೂ ಇದನ್ನೆಲ್ಲ ಒಂದು ಕಡೆ ಬರೆದುಕೊಟ್ಟಿದ್ದರೆ ಎಷ್ಟೋ ರಾತ್ರಿ ನೆಮ್ಮದಿಯಾಗಿ ಮಲಗಬಹುದಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವ ಗಾಬರಿ ಬಂದರೂ ಮೊದಲು ಮಗುವನ್ನು ನೋಡಿ. ನಾಲ್ಕು ವಿಷಯ ನೋಡಿದರೆ ಸಾಕು. ಹಾಲು ಕುಡಿಯುತ್ತಿದೆಯಾ? ಸುಸ್ಸು ಮಾಮೂಲಿನಷ್ಟೇ ಮಾಡುತ್ತಿದೆಯಾ? ಎಬ್ಬಿಸಿದರೆ ಚುರುಕಾಗಿದೆಯಾ? ಉಸಿರಾಟ ಸರಾಗವಾಗಿದೆಯಾ? ನಾಲ್ಕಕ್ಕೂ ಹೌದು ಅಂದರೆ ಹೆಚ್ಚಿನ ವಿಷಯಗಳು ಬೆಳಗಿನವರೆಗೆ ಕಾಯುತ್ತವೆ. ಒಂದಕ್ಕೆ ಇಲ್ಲ ಅಂದರೂ ಮನೆಮದ್ದು ಹುಡುಕುತ್ತಾ ಕೂರಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಮೊದಲನೇ ಕೆಲಸ: ಫ್ರಿಜ್ ಮೇಲೊಂದು ಚೀಟಿ

ಮಗು ಹುಟ್ಟುವ ಮೊದಲೇ ಮಾಡಿಡಬೇಕಾದ ಕೆಲಸ ಇದು. ಒಂದು ಹಾಳೆಯಲ್ಲಿ ಕೆಳಗಿನದನ್ನು ದೊಡ್ಡದಾಗಿ ಬರೆದು ಅಂಟಿಸಿ. ಇವುಗಳಲ್ಲಿ ಒಂದು ಕಂಡರೂ ಹೊತ್ತು ನೋಡದೆ ಹೊರಡಬೇಕು.

- ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ. ಮೈ ತಣ್ಣಗಾಗಿ ಮಂಕಾಗಿದ್ದರೂ ಅಷ್ಟೇ.
- ಹಾಲೇ ಕುಡಿಯುತ್ತಿಲ್ಲ, ಎಬ್ಬಿಸಿದರೂ ಏಳುತ್ತಿಲ್ಲ.
- ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದೆ, ಮುಲುಗುತ್ತಿದೆ, ತುಟಿ ನೀಲಿಯಾಗಿದೆ.
- ಹಸಿರು ಬಣ್ಣದ ವಾಂತಿ.
- ಫಿಟ್ಸ್.
- ಹುಟ್ಟಿದ 24 ಗಂಟೆಯೊಳಗೇ ಕಾಣುವ ಕಾಮಾಲೆ, ಅಥವಾ ಅಂಗೈ ಅಂಗಾಲಿಗೂ ಇಳಿದ ಹಳದಿ.
- ಎಂಟು ಗಂಟೆ ಹೊತ್ತು ಕಳೆದರೂ ಸುಸ್ಸು ಇಲ್ಲ, ನೆತ್ತಿ ಗುಳಿ ಬಿದ್ದಿದೆ.

ಅದರ ಕೆಳಗೆ ಆಸ್ಪತ್ರೆಯ ಹೆಸರು, ಫೋನ್ ನಂಬರ್, 108 ಬರೆಯಿರಿ. ಆಸ್ಪತ್ರೆ ಆರಿಸುವಾಗ ಬೆಂಗಳೂರಿನಲ್ಲಿ ಹೆಸರಿಗಿಂತ ದಾರಿ ಮುಖ್ಯ. ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್ ದಾಟಿ ಹೋಗಬೇಕಾದ ಆಸ್ಪತ್ರೆ ತುರ್ತಿಗೆ ಒದಗುವುದಿಲ್ಲ. ನಿಮ್ಮ ಕಡೆಯಲ್ಲೇ, ರಾತ್ರಿ ಎರಡು ಗಂಟೆಗೂ ಮಕ್ಕಳ ಡಾಕ್ಟರ್ ಇರುವ ಒಂದು ಜಾಗ ಹುಡುಕಿಡಿ. "ರಾತ್ರಿ ಡ್ಯೂಟಿಯಲ್ಲಿ ಮಕ್ಕಳ ಡಾಕ್ಟರ್ ಇರ್ತಾರಾ?" ಅಂತ ಮೊದಲೇ ಹೋಗಿ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕೆ.ಆರ್. ಮಾರುಕಟ್ಟೆ ಹತ್ತಿರದ ವಾಣಿ ವಿಲಾಸವೂ, ನಿಮ್ಹಾನ್ಸ್ ಕಡೆಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ನೆನಪಿರಲಿ.

ಮೊದಲ ವಾರ: ವಿಚಿತ್ರ ಅನ್ನಿಸಿದರೂ ಮಾಮೂಲಿ

ಹುಟ್ಟಿದ ಮಗುವಿನ ತೂಕ ಮೊದಲ ಕೆಲವು ದಿನ ಇಳಿಯುತ್ತದೆ. ನೂರಕ್ಕೆ ಹತ್ತರವರೆಗೆ ಇಳಿದರೆ ಡಾಕ್ಟರುಗಳು ಗಾಬರಿಯಾಗುವುದಿಲ್ಲ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ವಾಪಸ್ ಬರಬೇಕು. ಸೀನು, ಬಿಕ್ಕಳಿಕೆ, ಮೂಗಿನ ಮೇಲೆ ಬಿಳಿ ಚುಕ್ಕೆ, ಬೆನ್ನ ಕೆಳಗೆ ನೀಲಿ ಮಚ್ಚೆ, ಇವು ಯಾವುದಕ್ಕೂ ಔಷಧಿ ಬೇಡ. ಹೆಣ್ಣುಮಗುವಿಗೆ ಮೊದಲ ವಾರ ಒಂದೆರಡು ಹನಿ ರಕ್ತ ಕಾಣಿಸಬಹುದು. ಅಮ್ಮನ ಹಾರ್ಮೋನಿನಿಂದ ಆಗುವುದು ಅದು, ತಾನಾಗಿ ನಿಲ್ಲುತ್ತದೆ.

ಗಂಡಾಗಲಿ ಹೆಣ್ಣಾಗಲಿ, ಮಗುವಿನ ಎದೆ ಊದಿಕೊಂಡು ಸ್ವಲ್ಪ ಹಾಲಿನಂಥದ್ದು ಬರುವುದೂ ಇದೆ. ಸ್ನಾನ ಮಾಡಿಸುವವರು "ಹಿಂಡಿ ತೆಗೀಬೇಕು" ಅನ್ನುತ್ತಾರೆ. ದಯವಿಟ್ಟು ಹಿಂಡಲು ಬಿಡಬೇಡಿ. ಹಿಂಡಿದರೆ ಕೀವಾಗುತ್ತದೆ.

ಹೊಕ್ಕುಳ ಬಳ್ಳಿ ಒಂದರಿಂದ ಮೂರು ವಾರದೊಳಗೆ ಉದುರುತ್ತದೆ. ಅಲ್ಲಿಯವರೆಗೆ ಒಣಗಿರಬೇಕು, ಅಷ್ಟೇ. ಎಣ್ಣೆ, ಅರಿಶಿನ, ಪೌಡರ್, ವಿಭೂತಿ ಯಾವುದೂ ಬೇಡ. ಡೈಪರ್ ಅಥವಾ ಲಂಗೋಟಿಯನ್ನು ಹೊಕ್ಕುಳಿನ ಕೆಳಗೆ ಕಟ್ಟಿ. ಸುತ್ತಲ ಚರ್ಮ ಕೆಂಪಾದರೆ, ವಾಸನೆ ಬಂದರೆ, ಕೀವಾದರೆ ಅವತ್ತೇ ತೋರಿಸಿ.

ಕಾಮಾಲೆ ಎರಡು ಮೂರನೇ ದಿನ ಕಾಣಿಸಿಕೊಂಡು, ನಾಲ್ಕೈದನೇ ದಿನ ಹೆಚ್ಚಿ, ಎರಡು ವಾರದೊಳಗೆ ಹೋದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹಗಲಿನ ಬೆಳಕಿನಲ್ಲಿ ಹಣೆ ಅಥವಾ ಎದೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದ ಜಾಗ ಹಳದಿ ಕಂಡರೆ ಡಾಕ್ಟರಿಗೆ ತೋರಿಸಿ. ಎಷ್ಟಿದೆ ಅಂತ ಅವರು ಅಳೆಯುತ್ತಾರೆ. ಬಿಸಿಲಿಗೆ ಹಿಡಿಯುವುದು ಇದಕ್ಕೆ ಚಿಕಿತ್ಸೆ ಅಲ್ಲ. ಜಾಸ್ತಿ ಇದ್ದರೆ ಆಸ್ಪತ್ರೆಯ ನೀಲಿ ದೀಪದ ಕೆಳಗೇ ಮಲಗಿಸಬೇಕು. ಇನ್ನೊಂದು ಮಾತು ಮರೆಯಬೇಡಿ: ಎರಡು ವಾರ ದಾಟಿದರೂ ಹಳದಿ ಇದ್ದು, ಕಕ್ಕ ಸುಣ್ಣದ ಹಾಗೆ ಬಿಳಚಿಕೊಂಡು, ಸುಸ್ಸು ಗಾಢ ಹಳದಿಯಾಗಿದ್ದರೆ ಒಂದು ದಿನವೂ ತಡ ಮಾಡಬೇಡಿ. ಪಿತ್ತನಾಳ ಕಟ್ಟಿಕೊಂಡಿರುವ ಸಾಧ್ಯತೆ ಇರುತ್ತದೆ. ಅದರ ಆಪರೇಷನ್ ಎರಡು ತಿಂಗಳೊಳಗೆ ಆದರೆ ಫಲ ಚೆನ್ನಾಗಿರುತ್ತದೆ.

ಹಾಲು ಸಾಕಾಗುತ್ತಿದೆಯಾ?

ಬಾಣಂತಿಯರನ್ನು ಅಳಿಸುವ ಪ್ರಶ್ನೆ ಇದು. ನೋಡಲು ಬಂದವರೆಲ್ಲ "ಹಾಲು ಬರ್ತಿದೆಯಾ?" ಅಂತ ಕೇಳಿ ಹೋಗುತ್ತಾರೆ. ಮೊದಲ ಎರಡು ಮೂರು ದಿನ ಬರುವ ಹಳದಿ ಗಿಣ್ಣು ಹಾಲು ಚಮಚದಷ್ಟೇ ಇರುತ್ತದೆ. ಮಗುವಿನ ಹೊಟ್ಟೆಗೂ ಅಷ್ಟೇ ಸಾಕು. ಅದನ್ನು ಹಿಂಡಿ ಚೆಲ್ಲುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಮಗುವಿಗೆ ಸಿಗುವ ಮೊದಲ ರಕ್ಷಣೆಯೇ ಆ ಹಾಲು, ಚೆಲ್ಲಬೇಡಿ.

ಸಾಕಾಗುತ್ತಿದೆಯಾ ಅಂತ ತಿಳಿಯಲು ಎದೆ ತುಂಬಿದೆಯಾ ಅಂತ ನೋಡಬೇಡಿ, ಡೈಪರ್ ನೋಡಿ. ಐದನೇ ದಿನದಿಂದ 24 ಗಂಟೆಯಲ್ಲಿ ಆರು ಸಲವಾದರೂ ಚೆನ್ನಾಗಿ ಒದ್ದೆಯಾಗಬೇಕು. ಹಾಲು 8ರಿಂದ 12 ಸಲ ಕುಡಿಯಬೇಕು. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ತೂಕ ಏರಬೇಕು. ಇದು ಮೂರೂ ಸರಿ ಇದ್ದರೆ ಯಾರು ಏನೇ ಅಂದರೂ ನಿಮ್ಮ ಹಾಲು ಸಾಕಾಗುತ್ತಿದೆ.

ಕುಡಿಸುವ ಕ್ರಮ ಹೀಗಿರಲಿ.

1. ಬೆನ್ನಿಗೆ ದಿಂಬು ಕೊಟ್ಟು ಆರಾಮಾಗಿ ಕೂತುಕೊಳ್ಳಿ. ನೀವು ಮಗುವಿನ ಕಡೆ ಬಗ್ಗಬೇಡಿ, ಮಗುವನ್ನು ನಿಮ್ಮ ಕಡೆ ತನ್ನಿ.
2. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವ ಹಾಗೆ ತಿರುಗಿಸಿ. ಕುತ್ತಿಗೆ ಮಾತ್ರ ತಿರುಗಿದ್ದರೆ ನುಂಗಲು ಕಷ್ಟ.
3. ತೊಟ್ಟನ್ನು ಮೇಲ್ದುಟಿಗೆ ತಾಗಿಸಿ ಕಾಯಿರಿ. ಬಾಯಿ ಆಕಳಿಸಿದಷ್ಟು ಅಗಲವಾಗಿ ತೆರೆದ ಮೇಲೆ ಹಚ್ಚಿ.
4. ತೊಟ್ಟಷ್ಟೇ ಅಲ್ಲ, ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಕೆಳದುಟಿ ಹೊರಕ್ಕೆ ಮಡಿಚಿರಬೇಕು.
5. ನೋವಾದರೆ ಹಲ್ಲುಕಚ್ಚಿ ಸಹಿಸಬೇಡಿ. ಬಾಯಿಯ ಮೂಲೆಯಿಂದ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಚ್ಚಿ.
6. ಆಮೇಲೆ ಭುಜಕ್ಕೆ ಹಾಕಿಕೊಂಡು ತೇಗಿಸಿ. ಹತ್ತು ನಿಮಿಷವಾದರೂ ತೇಗಲಿಲ್ಲ ಅಂದರೆ ಬಿಡಿ, ಮಲಗಿಸಿ.

ತೊಟ್ಟು ಒಡೆಯುವುದಕ್ಕೆ ಬಹಳ ಸಲ ಮೂರು ನಾಲ್ಕನೇ ಹೆಜ್ಜೆ ತಪ್ಪಿದ್ದೇ ಕಾರಣ. ನಿಮ್ಮ ಆಸ್ಪತ್ರೆಯಲ್ಲಿ ಹಾಲುಣಿಸುವುದನ್ನು ಹೇಳಿಕೊಡುವ ನರ್ಸ್ ಇದ್ದರೆ ಮನೆಗೆ ಹೊರಡುವ ಮೊದಲು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಿರಿ.

ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ಬೇಸಿಗೆಯಲ್ಲಿ ನೀರೂ ಬೇಡ. ಸಕ್ಕರೆ ನೀರು, ಗ್ರೈಪ್ ವಾಟರ್, ತೇಯ್ದ ಬಜೆ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನಾಲಿಗೆಗೂ ಸವರಬೇಡಿ. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದಿಂದ ಬೊಟುಲಿಸಂ ಅನ್ನುವ ಕಾಯಿಲೆ ಬಂದು ಮಗುವಿನ ಸ್ನಾಯುಗಳು ಸೋಲುತ್ತವೆ. ಡಾಕ್ಟರ್ ಬರೆದುಕೊಡುವ ವಿಟಮಿನ್ ಡಿ ಹನಿ, ದಿನಕ್ಕೆ 400 ಯೂನಿಟ್, ಇದಕ್ಕೆ ಹೊರತು. ಅದನ್ನು ವರ್ಷವಿಡೀ ತಪ್ಪಿಸಬೇಡಿ.

ನಿಜವಾಗಿಯೂ ಹಾಲು ಕಡಿಮೆಯಾಗಿ ಡಾಕ್ಟರ್ ಪೌಡರ್ ಹಾಲು ಹೇಳಿದರೆ ನಾಚಿಕೆ ಪಡಬೇಕಾಗಿಲ್ಲ. ಕುದಿಸಿದ ನೀರು, ಡಬ್ಬಿಯ ಮೇಲೆ ಬರೆದ ಅಳತೆ, ಎರಡೂ ಸರಿಯಾಗಿರಲಿ. ಡಬ್ಬಿ ಜಾಸ್ತಿ ದಿನ ಬರಲಿ ಅಂತ ತೆಳ್ಳಗೆ ಮಾಡಬೇಡಿ. ಬಾಟಲಿಗಿಂತ ನಮ್ಮ ಒಳಲೆಯೇ ವಾಸಿ, ತೊಳೆಯುವುದೂ ಕುದಿಸುವುದೂ ಸುಲಭ. ಮಗುವಿನ ತಲೆ ಎತ್ತಿ ಹಿಡಿದು, ಒಂದೊಂದೇ ಗುಟುಕು ಬಿಡಿ.

ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ಹೆರಿಗೆ ರಜೆ ಕಾನೂನು 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಕೊಡುತ್ತದೆ. 50 ಅಥವಾ ಹೆಚ್ಚು ಜನ ಇರುವ ಕಂಪನಿ ಕ್ರೆಷ್ ಸೌಲಭ್ಯ ಒದಗಿಸಬೇಕು. ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ, ಸಂಕೋಚ ಬೇಡ. ಹಿಂಡಿಟ್ಟ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನ ಒಳಭಾಗದಲ್ಲಿ ಒಂದು ದಿನ ಇಡಬಹುದು. ಫ್ರಿಜ್ ಬಾಗಿಲಿನಲ್ಲಿ ಇಡಬೇಡಿ. ಬೆಚ್ಚಗೆ ಮಾಡಲು ಬಿಸಿ ನೀರಿನ ಪಾತ್ರೆಯಲ್ಲಿ ಲೋಟ ಇಡಿ, ಮೈಕ್ರೋವೇವ್ ಬೇಡ.

ಎಣ್ಣೆ ನೀರು

ಅಜ್ಜಿ ಮಣೆಯ ಮೇಲೆ ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಮಗುವನ್ನು ಬೋರಲು ಮಲಗಿಸಿಕೊಂಡು, ಬೆಚ್ಚಗಿನ ಕೊಬ್ಬರಿ ಎಣ್ಣೆ ಸವರಿ ಬೆನ್ನು ನೀವುವುದನ್ನು ನೋಡಿದ್ದೀರಲ್ಲ. ಎರಡು ನಿಮಿಷದಲ್ಲಿ ಮಗುವಿನ ಮುಷ್ಟಿ ಸಡಿಲವಾಗುತ್ತದೆ, ಅಳು ನಿಂತು ನಿದ್ದೆಯ ಉಸಿರು ಬರುತ್ತದೆ. ಇದು ಒಳ್ಳೆಯದು, ಖಂಡಿತ ಮಾಡಿಸಿ. ಮಗುವಿಗೂ ಹಿತ, ಅಜ್ಜಿಗೂ ಮೊಮ್ಮಗುವಿಗೂ ನಂಟು ಬೆಳೆಯುವ ಹೊತ್ತು. ಬಳ್ಳಿ ಉದುರುವವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಆಮೇಲೆ ಎಣ್ಣೆ ನೀರು ಶುರು ಮಾಡಿ.

ಆದರೆ ಕೆಲವನ್ನು ನಿಲ್ಲಿಸಲೇಬೇಕು. ಮೂಗಿಗೂ ಕಿವಿಗೂ ಎಣ್ಣೆ ಬಿಡಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಮೂಗು ಊದಿ ತೆಗೆಯುವುದು, ಮೂಗು ನೀಟಾಗಲಿ ಅಂತ ತಿದ್ದುವುದು, ತಲೆ ಗುಂಡಗಾಗಲಿ ಅಂತ ಒತ್ತುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು ಬೇಡ. ನೆತ್ತಿಗೆ ಎಣ್ಣೆ ಸವರಿದರೆ ತೊಂದರೆ ಇಲ್ಲ, ತಟ್ಟಿ ಒತ್ತುವುದು ಬೇಡ. ಕಡಲೆಹಿಟ್ಟು, ಸೀಗೆಪುಡಿ ಎಳೆ ಚರ್ಮಕ್ಕೆ ಉರಿ. ಆಮೇಲಿನ ಸಾಂಬ್ರಾಣಿ ಹೊಗೆ ಉಸಿರಿಗೆ ಕೆಟ್ಟದ್ದು. ವಾಸನೆ ಬೇಕೇ ಬೇಕು ಅಂದರೆ ದೇವರ ಮನೆಯಲ್ಲಿ ಹಾಕಿ, ಮಗು ಇರುವ ಕೋಣೆಯಲ್ಲಿ ಬೇಡ.

ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊಣಕೈ ಅದ್ದಿ ನೋಡಿ. ಅಂಗೈಗೆ ಬಿಸಿ ಅಭ್ಯಾಸವಾಗಿರುತ್ತದೆ, ಮೊಣಕೈ ಸರಿಯಾಗಿ ಹೇಳುತ್ತದೆ. ಬೆಂಗಳೂರಿನ ಎಷ್ಟೋ ಹಳೆ ಮನೆಗಳಲ್ಲಿ ಗ್ಯಾಸ್ ಗೀಸರ್ ಬಚ್ಚಲು ಮನೆಯೊಳಗೇ ಇರುತ್ತದೆ. ಅದು ಉರಿಯುವಾಗ ಬಾಗಿಲು ಕಿಟಕಿ ಮುಚ್ಚಿಕೊಂಡು ಯಾರೂ ಒಳಗಿರಬಾರದು. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಬಾಣಂತಿ ಕೋಣೆಯಲ್ಲಿ ಕೆಂಡ ಇಡುವುದಕ್ಕೂ ಇದೇ ಮಾತು.

ಕಾಡಿಗೆ ಕಣ್ಣಿಗೆ ಬೇಡ. ಅಂಗಡಿಯ ಕಾಡಿಗೆಯಲ್ಲಿ ಸೀಸ ಇರುವುದುಂಟು, ಮನೆಯದ್ದರಲ್ಲಿ ಮಸಿ ಮತ್ತು ಬೆರಳಿನ ಕೊಳೆ. ದೃಷ್ಟಿಬೊಟ್ಟು ಬೇಕಾದರೆ ಅಂಗಾಲಿಗೆ ಇಡಿ.

ಇದನ್ನೆಲ್ಲ ಹಿರಿಯರಿಗೆ ಹೇಳುವುದು ಹೇಗೆ? ಮೊಬೈಲಿನಲ್ಲಿ ಓದಿದ್ದನ್ನು ತೋರಿಸಿದರೆ ಜಗಳವೇ. ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಒಂದೇ ಉಪಾಯ. ಲಸಿಕೆಗೆ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋದೆ. "ಅತ್ತೆ, ಎಣ್ಣೆ ವಿಷಯ ನೀವೇ ಕೇಳಿ" ಅಂದೆ. ಡಾಕ್ಟರ್ ಅವರಿಗೇ ವಿವರಿಸಿದರು. ಮನೆಗೆ ಬಂದು ನನ್ನ ನಾದಿನಿಗೆ ಫೋನಿನಲ್ಲಿ ಅದನ್ನೆಲ್ಲ ಹೇಳಿದವರೂ ಅತ್ತೆಯೇ.

ನಿದ್ದೆ, ಅಳು

ಮಗುವನ್ನು ಯಾವಾಗಲೂ ಬೆನ್ನ ಮೇಲೆ, ಅಂಗಾತ ಮಲಗಿಸಿ. ಗಟ್ಟಿ ಹಾಸಿಗೆ ಇರಲಿ. ದಿಂಬು, ದಪ್ಪ ರಜಾಯಿ, ಗೊಂಬೆ ಬೇಡ. ತಲೆ ಗುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬೂ ಬೇಡ. ಎಚ್ಚರ ಇರುವಾಗ, ನೀವು ಎದುರಿಗಿರುವಾಗ, ದಿನಕ್ಕೆ ಕೆಲವು ಸಲ ಬೋರಲು ಮಲಗಿಸಿ ಆಡಿಸಿ. ತಲೆಯ ಆಕಾರವೂ ಸರಿಹೋಗುತ್ತದೆ, ಕುತ್ತಿಗೆಯೂ ಬಲಿಯುತ್ತದೆ. ತೊಟ್ಟಿಲಿನ ತಳ ಸಮವಾಗಿರಲಿ. ಸೀರೆ ಜೋಲಿಯಲ್ಲಿ ಮಗುವಿನ ಗದ್ದ ಎದೆಗೆ ಅಂಟಿದರೆ ಉಸಿರು ಕಟ್ಟುತ್ತದೆ. ಅದರಲ್ಲಿ ನಿದ್ದೆ ಹತ್ತಿದರೆ ಎತ್ತಿ ಹಾಸಿಗೆಗೆ ಹಾಕಿ.

ನಮ್ಮ ಊರಿನ ಹವೆಗೆ ಮಗುವನ್ನು ಕುಲಾವಿ, ಸ್ವೆಟರ್, ಸಾಕ್ಸ್, ಎರಡು ಹೊದಿಕೆ ಅಂತ ಕಟ್ಟಿಹಾಕುವುದೇ ಜಾಸ್ತಿ. ನಿಮಗೆ ಹಿತ ಅನ್ನಿಸುವುದಕ್ಕಿಂತ ಒಂದು ಪದರ ಹೆಚ್ಚು ಸಾಕು. ಕತ್ತಿನ ಹಿಂದೆ ಮುಟ್ಟಿ ನೋಡಿ. ಬೆವರಿದ್ದರೆ ಒಂದು ತೆಗೆಯಿರಿ. ಮಲಗುವಾಗ ಮನೆಯೊಳಗೆ ಕುಲಾವಿ ಬೇಡ. ಸೊಳ್ಳೆ ಪರದೆ ಮಾತ್ರ ಹಗಲಿಗೂ ಬೇಕು, ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲೇ.

ಅಳು ಎರಡನೇ ವಾರದಿಂದ ಏರುತ್ತಾ ಹೋಗಿ, ಆರರಿಂದ ಎಂಟನೇ ವಾರದಲ್ಲಿ ತುದಿಗೆ ಮುಟ್ಟುತ್ತದೆ. ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಸಂಜೆ ಹೊತ್ತು ಜಾಸ್ತಿ. ಹಸಿವು, ಒದ್ದೆ, ಸೆಕೆ, ಬೆರಳಿಗೆ ಸುತ್ತಿಕೊಂಡ ಕೂದಲೆಳೆ, ಇಷ್ಟು ನೋಡಿ. ಎಲ್ಲ ಸರಿ ಇದ್ದೂ ಅಳುತ್ತಿದ್ದರೆ ಎತ್ತಿಕೊಂಡು ಓಡಾಡಿ, ಮೆಲ್ಲಗೆ ಹಾಡಿ, ಬಾಲ್ಕನಿಗೆ ಕರೆದುಕೊಂಡು ಹೋಗಿ. ಎತ್ತಿಕೊಂಡರೆ ಅಭ್ಯಾಸ ಕೆಡುತ್ತದೆ ಅನ್ನುವ ಮಾತು ಈ ವಯಸ್ಸಿಗೆ ಸಲ್ಲದು. ದೃಷ್ಟಿ ತೆಗೆಯಬೇಕು ಅನ್ನಿಸಿದರೆ ತೆಗೆಯಲಿ, ಮೆಣಸಿನಕಾಯಿ ಸುಡುವುದನ್ನು ಮಾತ್ರ ಹೊರಗೆ ಮಾಡಲಿ. ನಿಮಗೇ ತಾಳ್ಮೆ ತಪ್ಪುತ್ತಿದ್ದರೆ ಮಗುವನ್ನು ಹಾಸಿಗೆಯಲ್ಲಿ ಸುರಕ್ಷಿತವಾಗಿ ಮಲಗಿಸಿ, ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ. ಸಿಟ್ಟಿನಲ್ಲಿ ಮಗುವನ್ನು ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಮನೆಯ ಪ್ರತಿಯೊಬ್ಬರಿಗೂ, ಕೆಲಸದವರಿಗೂ, ಇದನ್ನು ಹೇಳಿಡಿ.

ತಾಯಿಯ ಮನಸ್ಸು

ಹೆರಿಗೆಯಾದ ಮೂರನೇ ದಿನದ ಹೊತ್ತಿಗೆ ಸುಮ್ಸುಮ್ನೆ ಅಳು ಬರುತ್ತದೆ. ಎರಡು ವಾರದೊಳಗೆ ಹೋಗುತ್ತದೆ. ಹೋಗಲಿಲ್ಲ, ಮಗು ಮಲಗಿದರೂ ನಿಮಗೆ ನಿದ್ದೆ ಇಲ್ಲ, ಮಗುವಿನ ಮೇಲೆ ಏನೂ ಅನ್ನಿಸುತ್ತಿಲ್ಲ, ನಾನು ಬೇಡವಾದವಳು ಅನ್ನಿಸುತ್ತಿದೆ ಅಂದರೆ ಅದು ಖಿನ್ನತೆ. ಕೊಬ್ಬೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಚಿಕಿತ್ಸೆ ಇದೆ, ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಿಭಾಗವೇ ಇದೆ. ಬಾಣಂತಿಗೆ ಇಲ್ಲದ ದನಿ ಕೇಳಿಸುತ್ತಿದೆ, ಮಗುವಿಗೆ ಏನಾದರೂ ಮಾಡಿಬಿಡುವ ಯೋಚನೆ ಬರುತ್ತಿದೆ ಅಂದರೆ ಅವರನ್ನು ಒಂಟಿಯಾಗಿ ಬಿಡದೆ ಅವತ್ತೇ ಕರೆದುಕೊಂಡು ಹೋಗಿ.

ಗಂಡಸರಿಗೊಂದು ಮಾತು: "ಏನಾದ್ರೂ ಬೇಕಾ?" ಅಂತ ಕೇಳುವ ಬದಲು ರಾತ್ರಿಯ ಒಂದು ಪಾಳಿ ನೀವೇ ಹಿಡಿಯಿರಿ. ಡೈಪರ್ ಬದಲಿಸಿ, ತೇಗಿಸಿ, ಮಲಗಿಸಿ. ಬಾಣಂತಿಗೆ ನಾಲ್ಕು ಗಂಟೆ ಒಟ್ಟಿಗೆ ನಿದ್ದೆ ಸಿಗಲಿ. ಅವಳಿಗೆ ನೀರು ಕಡಿಮೆ ಕೊಡುವ ಪದ್ಧತಿಯನ್ನೂ ನಿಲ್ಲಿಸಿ. ಹಾಲು ಕುಡಿಸುವವರಿಗೆ ಬಾಯಾರಿದಷ್ಟೂ ನೀರು ಬೇಕು. ಸಬ್ಬಸಿಗೆ ಸೊಪ್ಪಿನ ಸಾರು, ಅಂಟಿನ ಉಂಡೆ ಚೆನ್ನಾಗಿ ತಿನ್ನಲಿ, ಹಣ್ಣು ತರಕಾರಿಯೂ ಇರಲಿ.

ಕಕ್ಕ, ವಾಂತಿ

ಎದೆಹಾಲಿನ ಮಗು ಪ್ರತಿ ಸಲ ಕುಡಿದಾಗಲೂ ಹೋಗಬಹುದು. ಆರು ವಾರ ದಾಟಿದ ಮೇಲೆ ನಾಲ್ಕೈದು ದಿನ, ವಾರದವರೆಗೂ ಹೋಗದೆ ಇರಬಹುದು. ಹೋದಾಗ ಮೆತ್ತಗಿದ್ದರೆ ಅದು ಮಲಬದ್ಧತೆ ಅಲ್ಲ, ಸೋಪಿನ ತುಂಡು ಹಾಕುವುದು ಬೇಡ. ಹಳದಿ, ಹಸಿರು, ಕಂದು, ಎಲ್ಲ ಸರಿ. ಬಿಳಿ, ಕೆಂಪು, ಮೊದಲ ಮೂರು ನಾಲ್ಕು ದಿನ ಕಳೆದ ಮೇಲೂ ಕಪ್ಪು, ಇವು ಸರಿಯಲ್ಲ.

ಕುಡಿದ ಮೇಲೆ ಕಟವಾಯಿಯಿಂದ ಸ್ವಲ್ಪ ಹಾಲು ಕಕ್ಕುವುದು ಮಾಮೂಲಿ, ತೂಕ ಏರುತ್ತಿದ್ದರೆ ಚಿಂತೆ ಬೇಡ. ಪ್ರತಿ ಸಲವೂ ದೂರಕ್ಕೆ ಚಿಮ್ಮುವ ವಾಂತಿಯಾದರೆ ತೋರಿಸಿ. ನೀರು ನೀರಾಗಿ ಭೇದಿಯಾದರೆ ಎದೆಹಾಲು ನಿಲ್ಲಿಸದೆ, ಡಾಕ್ಟರ್ ಹೇಳಿದಂತೆ ಓಆರ್‌ಎಸ್ ಮತ್ತು 14 ದಿನ ಜಿಂಕ್ ಕೊಡಿ.

ಲಸಿಕೆ

ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆಮೇಲೆ 6, 10, 14ನೇ ವಾರ. ಆಗ ಪೆಂಟಾವೇಲೆಂಟ್ (ಐದು ಕಾಯಿಲೆಗೆ ಒಂದೇ ಇಂಜೆಕ್ಷನ್), ಪೋಲಿಯೋ, ರೋಟಾವೈರಸ್, ನ್ಯುಮೋಕಾಕಲ್ ಲಸಿಕೆಗಳು ಬರುತ್ತವೆ. 9 ತಿಂಗಳು ತುಂಬಿದಾಗ ದಡಾರ ರುಬೆಲ್ಲಾ, ಜೊತೆಗೆ ವಿಟಮಿನ್ ಎ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇವೆಲ್ಲ ಉಚಿತ. ಯಾವ ದಿನ ಹಾಕುತ್ತಾರೆ ಅಂತ ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ತಾಯಿ ಕಾರ್ಡನ್ನು ಪ್ರತಿ ಸಲ ಒಯ್ಯಿರಿ, ಪ್ರತಿ ಸಲ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಪೆಂಟಾವೇಲೆಂಟ್ ಹಾಕಿಸಿದ ರಾತ್ರಿ ಜ್ವರ, ತೊಡೆ ಊತ, ಅಳು ಇರುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಖಾಸಗಿಯವರ "ನೋವಿಲ್ಲದ" ಇಂಜೆಕ್ಷನ್‌ನಲ್ಲಿ ಜ್ವರ ಕಡಿಮೆ, ದುಡ್ಡು ಜಾಸ್ತಿ. ರಕ್ಷಣೆ ಎರಡರಿಂದಲೂ ಸಿಗುತ್ತದೆ, ಸಾಲ ಮಾಡಿ ಹಾಕಿಸುವ ಅಗತ್ಯ ಇಲ್ಲ. ಬಿಸಿಜಿ ಹಾಕಿದ ಎಡತೋಳಿನಲ್ಲಿ ಕೆಲವು ವಾರದ ಮೇಲೆ ಗುಳ್ಳೆಯಾಗಿ, ಒಡೆದು, ಕಲೆಯಾಗುತ್ತದೆ. ಅದಕ್ಕೆ ಏನೂ ಹಚ್ಚಬೇಡಿ. ಒಂದು ಲಸಿಕೆ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ.

ಜ್ವರ, ಶೀತ, ಕೆಮ್ಮು

ಹಣೆ ಮುಟ್ಟಿ ಜ್ವರ ಅಳೆಯಬೇಡಿ. ಡಿಜಿಟಲ್ ಥರ್ಮಾಮೀಟರ್ ಕಂಕುಳಲ್ಲಿಟ್ಟು, ಬೀಪ್ ಬರುವವರೆಗೆ ತೋಳು ಒತ್ತಿ ಹಿಡಿಯಿರಿ. ಮೂರು ತಿಂಗಳೊಳಗಿನ ಮಗುವಿಗೆ ಮನೆಯಲ್ಲಿ ಔಷಧಿ ಕೊಟ್ಟು ಕಾಯುವ ಮಾತೇ ಇಲ್ಲ, ಫ್ರಿಜ್ ಮೇಲಿನ ಚೀಟಿ ನೋಡಿ. ಲಸಿಕೆಯ ರಾತ್ರಿಯ ಜ್ವರಕ್ಕೆ ಏನು ಮಾಡಬೇಕು ಅಂತ ಹಾಕಿದವರನ್ನೇ ಕೇಳಿಕೊಂಡು ಬನ್ನಿ.

ಪ್ಯಾರಾಸಿಟಮಾಲ್ ವಿಷಯದಲ್ಲಿ ಬಹಳ ಹುಷಾರಾಗಿರಿ. ಹನಿ ಹನಿಯಾಗಿ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಪ್‌ನಲ್ಲಿ ಐದು ಎಂಎಲ್‌ಗೆ 120ರಿಂದ 125, ಅಥವಾ 250 ಮಿಲಿಗ್ರಾಂ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಹಲವು ಪಟ್ಟು ಜಾಸ್ತಿಯಾಗಿ ಲಿವರ್ ಕೆಡುತ್ತದೆ. ಪ್ರತಿ ಭೇಟಿಯಲ್ಲೂ ಮಗುವಿನ ಈಗಿನ ತೂಕಕ್ಕೆ ಎಷ್ಟು ಎಂಎಲ್ ಅಂತ ಬರೆಸಿಕೊಂಡು, ಬಾಟಲಿಯ ಮೇಲೇ ಅಂಟಿಸಿ. ಅಡುಗೆ ಮನೆಯ ಚಮಚ ಬೇಡ, ಜೊತೆಗೆ ಬಂದ ಅಳತೆ ಬಳಸಿ.

ಕೆಮ್ಮಿನ ಸಿರಪ್ ಬೇಡ. ಮಧ್ಯಪ್ರದೇಶದಲ್ಲಿ ಅದನ್ನು ಕುಡಿದ ಮಕ್ಕಳ ಸಾವಾದ ಮೇಲೆ ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಔಷಧಿ ಕೊಡಬಾರದು ಅಂತ ಸೂಚಿಸಿತು. ಮೆಡಿಕಲ್ ಶಾಪಿನವರು ಕೊಟ್ಟರೂ ಬೇಡ ಅನ್ನಿ. ಮೂಗು ಕಟ್ಟಿದರೆ ಉಪ್ಪುನೀರಿನ ಮೂಗಿನ ಹನಿ ಹಾಕಿ, ಹಾಲು ಸ್ವಲ್ಪ ಸ್ವಲ್ಪವಾಗಿ ಕೊಡಿ. ಕರ್ಪೂರದ ಗಂಟು ಕಟ್ಟುವುದು, ಎದೆಗೆ ಕರ್ಪೂರದ ಎಣ್ಣೆ ಹಚ್ಚುವುದು ಅಪಾಯ, ಫಿಟ್ಸ್ ಬರಬಹುದು.

ಎದೆ ಕಟ್ಟಿದೆಯಾ ಅಂತ ಅನುಮಾನ ಬಂದರೆ ಉಸಿರು ಎಣಿಸಿ. ಮಗು ಮಲಗಿರುವಾಗ ಹೊಟ್ಟೆಯ ಬಟ್ಟೆ ಸರಿಸಿ, ಫೋನಿನ ಟೈಮರ್ ಹಾಕಿ, ಪೂರ್ತಿ ಒಂದು ನಿಮಿಷ ಹೊಟ್ಟೆ ಎಷ್ಟು ಸಲ ಏರುತ್ತದೆ ನೋಡಿ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು ಇದ್ದರೆ ಹೊರಡಿ. ಡಾಕ್ಟರಿಗೆ ಫೋನಿನಲ್ಲಿ ಈ ಸಂಖ್ಯೆ ಹೇಳಿದರೆ ಅವರಿಗೂ ಬೇಗ ಅರ್ಥವಾಗುತ್ತದೆ.

ಆರು ತಿಂಗಳು: ರಾಗಿ ಸರಿಯಿಂದ ಶುರು

180 ದಿನ ತುಂಬಿ, ಮಗು ಆನಿಸಿ ಕೂರಿಸಿದರೆ ತಲೆ ನಿಲ್ಲಿಸುತ್ತಾ, ನಿಮ್ಮ ತಟ್ಟೆ ನೋಡಿ ಬಾಯಾಡಿಸುತ್ತಿದ್ದರೆ ಊಟ ಶುರು ಮಾಡಿ. ಪ್ಯಾಕೆಟ್ ಸಿರಿಯಲ್ ಬೇಕಿಲ್ಲ, ನಮ್ಮ ರಾಗಿ ಇದೆ.

1. ಅರ್ಧ ಕೆಜಿ ರಾಗಿಯನ್ನು ಕಲ್ಲು ಹೋಗುವ ಹಾಗೆ ತೊಳೆದು, ರಾತ್ರಿಯಿಡೀ ನೆನೆಸಿ.
2. ನೀರು ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ. ಆಗಾಗ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಒಂದೇ ದಿನಕ್ಕೆ, ಡಿಸೆಂಬರ್ ಚಳಿಯಲ್ಲಿ ಎರಡು ದಿನಕ್ಕೆ ಮೊಳಕೆ ಬರುತ್ತದೆ. ಹುಳಿ ವಾಸನೆ ಬಂದರೆ ಎಸೆಯಿರಿ.
3. ನೆರಳಲ್ಲಿ ಪೂರ್ತಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಪುಡಿ ಮಾಡಿ.
4. ಹಳೆಯ ಶುಭ್ರ ಮಲ್ ಬಟ್ಟೆಯಲ್ಲಿ ಸೋಸಿ. ಹೊಟ್ಟು ಬಟ್ಟೆಯಲ್ಲಿ ಉಳಿದು, ನುಣ್ಣನೆಯ ಹಿಟ್ಟು ಕೆಳಗೆ ಬೀಳುತ್ತದೆ. ಒಣಗಿದ ಡಬ್ಬಿಯಲ್ಲಿಡಿ.
5. ಎರಡು ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಣ್ಣ ಗಾಢವಾಗಿ ಹೊಳಪು ಬಂದ ಮೇಲೆ ಇಳಿಸಿ, ಸ್ವಲ್ಪ ತುಪ್ಪ ಹಾಕಿ.

ಚಮಚ ಓರೆ ಮಾಡಿದರೆ ರಾಗಿ ಸರಿ ಸುರಿಯಬಾರದು, ನಿಧಾನಕ್ಕೆ ಜಾರಬೇಕು. ನೀರಾಗಿ ಮಾಡಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಮೊದಲ ದಿನ ಎರಡು ಮೂರು ಚಮಚ ಸಾಕು. ನಾಲಿಗೆಯಿಂದ ಹೊರಕ್ಕೆ ದಬ್ಬಿದರೆ ಬೇಡ ಅಂತ ಅಲ್ಲ, ನುಂಗುವುದನ್ನು ಕಲಿಯುತ್ತಿದೆ ಅಂತ.

ರಾಗಿಯಲ್ಲಿ ಸುಣ್ಣದಂಶ ಚೆನ್ನಾಗಿದೆ, ಆದರೆ ರಾಗಿ ಒಂದೇ ಸಾಲದು. ಆರು ತಿಂಗಳ ನಂತರ ಕಬ್ಬಿಣಾಂಶ ಬಹಳ ಬೇಕು. ಬೇಳೆ ಅನ್ನ, ಸೊಪ್ಪು, ತಿನ್ನುವವರ ಮನೆಯಲ್ಲಿ ಚೆನ್ನಾಗಿ ಬೆಂದ ಮೊಟ್ಟೆ, ಮೀನು, ಲಿವರ್, ಎಲ್ಲ ಮಸೆದು ಕೊಡಿ. ಆಶಾ ಕಾರ್ಯಕರ್ತೆ ವಾರಕ್ಕೆರಡು ಸಲ ಕೊಡಲು ಹೇಳುವ ಕಬ್ಬಿಣಾಂಶದ ಸಿರಪ್ ಕೊಡಿ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ ಊಟ, ಜೊತೆಗೆ ಎದೆಹಾಲು. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಎದೆಹಾಲಿನ ಬದಲು ಹಸುವಿನ ಹಾಲೂ ಬೇಡ. ಬಿಸ್ಕತ್ತನ್ನು ಹಾಲಲ್ಲಿ ಅದ್ದಿ ತಿನ್ನಿಸುವುದು ಊಟವೇ ಅಲ್ಲ.

ಇಡೀ ಕಡಲೆಬೀಜ, ದ್ರಾಕ್ಷಿ, ಪಾಪ್‌ಕಾರ್ನ್ ಗಂಟಲಲ್ಲಿ ಸಿಕ್ಕುತ್ತವೆ. ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಬರದೆ ಮುಖ ನೀಲಿಯಾದರೆ, ತೊಡೆಯ ಮೇಲೆ ಬೋರಲು, ತಲೆ ತಗ್ಗಿಸಿ ಹಿಡಿದು, ಭುಜದ ಎಲುಬುಗಳ ನಡುವೆ ಅಂಗೈ ಬುಡದಿಂದ ಐದು ಪೆಟ್ಟು ಕೊಡಿ. ಆಮೇಲೆ ಅಂಗಾತ ಮಾಡಿ ಎದೆಯ ಮಧ್ಯೆ ಎರಡು ಬೆರಳಿಂದ ಐದು ಸಲ ಒತ್ತಿ. ಹೊರಬರುವವರೆಗೆ ಹೀಗೇ ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ್ದನ್ನು ಬೆರಳು ಹಾಕಿ ತಡಕಬೇಡಿ. ರಿಮೋಟಿನ ಗುಂಡು ಬ್ಯಾಟರಿ ನುಂಗಿದ್ದರೆ ಒಂದು ನಿಮಿಷವೂ ಕಾಯಬೇಡಿ.

ಹಲ್ಲು, ನಡಿಗೆ, ಮಾತು

ಮೊದಲ ಹಲ್ಲು ಆರನೇ ತಿಂಗಳಿಗೂ ಬರಬಹುದು, ಹನ್ನೆರಡಕ್ಕೂ ಬರಬಹುದು. ಜೋರು ಜ್ವರಕ್ಕೆ ಹಲ್ಲು ಕಾರಣ ಅಲ್ಲ, ಬೇರೆ ಕಾರಣ ಹುಡುಕಿಸಿ.

ಪಕ್ಕದ ಮನೆ ಮಗು ಆಗಲೇ ನಡೆಯಿತು ಅನ್ನುವುದನ್ನು ಕೇಳಿಸಿಕೊಳ್ಳಬೇಡಿ. ಆದರೆ ಕೆಲವಕ್ಕೆ ಗಡುವು ಇದೆ. ಮೂರು ತಿಂಗಳಾದರೂ ಮುಖ ನೋಡಿ ನಗುತ್ತಿಲ್ಲ, ಐದು ತಿಂಗಳಾದರೂ ಕುತ್ತಿಗೆ ನಿಂತಿಲ್ಲ, ಒಂಬತ್ತು ತಿಂಗಳಾದರೂ ತಾನಾಗಿ ಕೂರುತ್ತಿಲ್ಲ, ಹೆಸರು ಕರೆದರೆ ತಿರುಗುತ್ತಿಲ್ಲ, ಬಂದಿದ್ದ ಕಲಿಕೆ ಮರೆತುಹೋಗಿದೆ ಅಂದರೆ ಡಾಕ್ಟರಿಗೆ ತೋರಿಸಿ. "ಅವರಪ್ಪನೂ ನಿಧಾನವೇ" ಅಂತ ಬಿಡಬೇಡಿ. ಕಿವಿ ಪರೀಕ್ಷೆ ಹುಟ್ಟಿದ ತಿಂಗಳೊಳಗೇ ಮಾಡಿಸಿ. ವಾಕರ್ ಕೊಳ್ಳಬೇಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿನಿಂದ ಬೀಳುವ ಮಕ್ಕಳು ಜಾಸ್ತಿ. ಊಟ ಮಾಡಿಸಲು ಮೊಬೈಲ್ ಬೇಡ, ಎರಡು ವರ್ಷದವರೆಗೆ ಸ್ಕ್ರೀನೇ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಕಾಗೆ ತೋರಿಸಿ, ಕೆಳಗಿನ ತರಕಾರಿ ಗಾಡಿ ತೋರಿಸಿ, ಕನ್ನಡದಲ್ಲಿ ಮಾತಾಡುತ್ತಾ ತಿನ್ನಿಸಿ.

ಕಾಗದ ಪತ್ರ

ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯವರೇ ಕಳಿಸುತ್ತಾರೆ, ಆದರೆ ಅಪ್ಪ ಅಮ್ಮನ ಹೆಸರಿನ ಅಕ್ಷರ ಆಧಾರ್‌ನಲ್ಲಿರುವಂತೆಯೇ ಇದೆಯಾ ಅಂತ ಡಿಸ್ಚಾರ್ಜ್‌ಗೆ ಮೊದಲು ಫಾರಂ ನೋಡಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಹುಟ್ಟಿದ ದಿನಾಂಕ ಮತ್ತು ಊರಿಗೆ ಈ ಪ್ರಮಾಣಪತ್ರವೇ ಆಧಾರ. ಶಾಲೆಗೂ ಪಾಸ್‌ಪೋರ್ಟ್‌ಗೂ ಇದನ್ನೇ ಕೇಳುತ್ತಾರೆ. ನಾಮಕರಣ ತಡವಾದರೆ ಹೆಸರಿಲ್ಲದೆಯೇ ನೋಂದಾಯಿಸಿ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಮೊದಲ ಹುಟ್ಟುಹಬ್ಬಕ್ಕೆ ಒಂದು ತಿಂಗಳಿದೆ ಅನ್ನುವಾಗ ಈ ಕೆಲಸ ಮುಗಿದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.